ಕರಡು ಬಂಗಡೆ

ಗುನಗಿ ಮಾಸ್ತರರ ಮೀನಿನ ಪುಸ್ತಕ, ನೂರಾ ಹನ್ನೆರಡು ಪುಟ.
ಅಚ್ಚಾಗುವುದು ಹುಬ್ಬಳ್ಳಿಯಲ್ಲಿ.
ಬಣ್ಣಕ್ಕೆ ಜವಾಬು ಹೇಳಬೇಕಾದವಳು ಮಾತ್ರ
ಕೋಡಿಬಾಗದ ಈ ಹನ್ನೆರಡಡಿ ಅಂಗಡಿಯ ನಾನು.

ಮೇಜಿನ ಮೇಲಿದೆ ಚಿಕ್ಕದು. ಆರು ಶಾಯಿ.
ಲಗ್ನಪತ್ರಿಕೆ, ಪಾಸ್‌ಪೋರ್ಟಿನ ಮೋರೆ,
ನೌಕಾನೆಲೆಯ ಗುತ್ತಿಗೆ ಹುಡುಗರ ಗುರುತಿನ ಚೀಟಿ,
ಎಲ್ಲಕ್ಕೂ ಹೂಂ ಅನ್ನುತ್ತದೆ.
ಎರಡು ದಿನ ಮಾತಾಡಿಸದಿದ್ದರೆ ಉಪ್ಪುಗಾಳಿಗೆ ಮೂಗು ಕಟ್ಟಿ
ಮಜೆಂಟಾ ಬರುವಲ್ಲಿ ಗೆರೆಗೆರೆಯಾಗಿ ಬಿಕ್ಕುತ್ತದೆ;
ತೊಳೆಯಹೋದರೆ ಅರ್ಧ ಶಾಯಿ ಅದರ ಹೊಟ್ಟೆಯ ಸ್ಪಂಜಿಗೇ.
ಸಾಕು ಅನ್ನುವಷ್ಟು ಕೊಡುತ್ತದೆ.
ಆದರೆ ನಿನ್ನೆ ಕೊಟ್ಟದ್ದನ್ನು ಇಂದು ಕೊಡುವುದಿಲ್ಲ.

ದೊಡ್ಡದು ಮಡಗಾಂವಿನ ಷೋರೂಮಿನಲ್ಲಿ, ಗಾಜಿನಾಚೆ, ತಣ್ಣಗೆ.
ಹನ್ನೊಂದು ಶಾಯಿ; ಕಪ್ಪೇ ಎರಡು, ಬೂದುಬಣ್ಣಕ್ಕೆ ಮೂರು ಪ್ರಾಯ.
ಬೆಲೆ ಕೇಳಿದೆ. ಒಂದು ಪಾತಿದೋಣಿ, ಎಂಜಿನ್ ಸಹಿತ.
ಅಲ್ಲಿನ ಹುಡುಗ ನಗುತ್ತ ಹೇಳಿದ:
ಹತ್ತನೆಯ ಹಾಳೆಯೂ ಮೊದಲನೆಯದೂ ಒಂದೇ, ಬಾಯಿ,
ಬೇಕಾದರೆ ನಿಮ್ಮದೇ ಫೈಲು ಕೊಡಿ.
ಕೊಟ್ಟೆ. ಮೂವತ್ತೊಂದನೆಯ ಪುಟ. ಬಂಗಡೆ.

ಎರಡನ್ನೂ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಹರಡಿದೆ: ಎರಡೂ ಸರಿ.
ಬಾಗಿಲಿಗೆ ತಂದೆ: ಎರಡೂ ಬೇರೆ.
ಹೊಟ್ಟೆಯ ಬೆಳ್ಳಿ ಯಾವುದರಲ್ಲೂ ಇಲ್ಲ,
ಅಲ್ಲಿ ಕಾಗದವನ್ನು ಬಿಳಿ ಬಿಟ್ಟು ದಾಟಿಹೋಗಿವೆ ಎರಡೂ.
ಯಾವುದು ಬಂಗಡೆ?
ಆರು ವರ್ಷ ಪರದೆಯಲ್ಲೇ ಮೀನು ನೋಡಿದ ಕಣ್ಣಿಗೆ
ಮರೆತುಹೋಗಿತ್ತು.

ಬೆಳಿಗ್ಗೆ ಆರಕ್ಕೆ ಬೈತಖೋಲ. ಶೇವಂತಿ ತಾಂಡೇಲಳ ಬುಟ್ಟಿಯ ಮುಂದೆ
ಎರಡು ಹಾಳೆ ಹಿಡಿದು ನಿಂತೆ, ಕೋರ್ಟಿಗೆ ಬಂದವಳ ಹಾಗೆ.
ಅವಳು ಮುಟ್ಟಲಿಲ್ಲ, ಕೈ ಒದ್ದೆ. ಗದ್ದದಿಂದಲೇ ತೋರಿಸಿದಳು:
"ಇದು ಮೊನ್ನೆದು, ಐಸಲ್ಲಿಟ್ಟದ್ದು. ಬೆನ್ನಿನ ಹಸಿರು ಸತ್ತಿದೆ ನೋಡು.
ಇದು ಈಗಿನ್ನೂ ಬಲೆಯಿಂದ ಬಿಡಿಸಿದ್ದು."
ಮತ್ತೆ ಹುಬ್ಬು ಗಂಟಿಕ್ಕಿ,
"ಇಷ್ಟು ತಾಜಾದು ಗಿರಾಕಿ ಕೈಗೆ ಹೋಗೂದಿಲ್ಲ, ಬಾಯಿ.
ದೋಣಿಯವರು ಮಾತ್ರ ನೋಡೂದು."

ಹುಬ್ಬಳ್ಳಿಯ ಯಂತ್ರಕ್ಕೆ ನಾಲ್ಕೇ ಶಾಯಿ.
ಕಾಗದ ತನ್ನ ಪಾಲು ಕುಡಿಯುತ್ತದೆ.
ಅಲ್ಲಿಂದ ಬರುವುದು ಏರು ಬಿಸಿಲಿನ ಬಂಗಡೆ.
ಹನ್ನೊಂದು ಶಾಯಿಯ ಚೆಲುವು ತೋರಿಸಿ
ಮಾಸ್ತರರ ಸಹಿ ಹಾಕಿಸಿಕೊಂಡರೆ ನಾನು ಸುಳ್ಳುಸಾಕ್ಷಿ.
ಚಿಕ್ಕದೂ ಸುಳ್ಳೇ, ಅದೂ ದಿನಕ್ಕೊಂದು ಸುಳ್ಳು.
ದೊಡ್ಡದಕ್ಕೆ ಹೇಳಬಹುದು:
ನಿನಗೆ ಬರುವುದೆಲ್ಲ ಮಾಡಬೇಡ, ಹುಬ್ಬಳ್ಳಿಗೆ ಬರುವಷ್ಟೇ ಮಾಡು.
ಅದು ಕೇಳುತ್ತದೆ.
ಆ ವಿನಯಕ್ಕೇ ಅಷ್ಟು ದುಡ್ಡು.

ಕೊಂಡೆಯಾ ಅಂತ ಕೇಳುತ್ತೀರಿ.
ಮಾಸ್ತರರ ಮುಂಗಡ ಎಂಟು ಸಾವಿರ.
ಮಾರೋಣವೆಂದರೆ ನನ್ನಲ್ಲಿ ಪಾತಿದೋಣಿಯೂ ಇಲ್ಲ.
ಅಕ್ಷರ, ಅಂಚು, ಪುಟಸಂಖ್ಯೆಗೆ ಚಿಕ್ಕದು;
ಬಣ್ಣಕ್ಕೆ ವಾರಕ್ಕೊಮ್ಮೆ ಮಡಗಾಂವಿನ ರೈಲು,
ಹಾಳೆಗಿಷ್ಟು ಎಂದು ಬಾಡಿಗೆಯ ಸಾಕ್ಷಿ.
ಆ ಹುಡುಗ ಹುಬ್ಬಳ್ಳಿಯ ಪ್ರೊಫೈಲು ತುಂಬಿಕೊಂಡ.
ಬಂಗಡೆ ಕೊಂಚ ಮಂಕಾಯಿತು,
ನನಗೆ ನಿದ್ದೆ ಬಂತು.

ಕೊನೆಯ ಕಟ್ಟನ್ನು ಶೇವಂತಿಗೆ ತೋರಿಸಿಯೇ ಕಳಿಸಿದೆ.
ತಾರ್ಲೆ ಬುಟ್ಟಿ ಸರಿಸಿ, ಸೆರಗಿಗೆ ಕೈ ಒರೆಸಿ, ಈ ಸಲ ಮುಟ್ಟಿದಳು.
"ಹನ್ನೊಂದು ಗಂಟೇದು," ಅಂದಳು. "ಮಾರಬಹುದು."

ನಾಲ್ಕನೆಯ ದಿನ ಫೋನು, ಅಚ್ಚಿನ ಮನೆಯ ಬಾಳಪ್ಪ:
"ಮೇಡಂ, ಮೂವತ್ತೊಂದನೇ ಪುಟ, ಬಾಲದ ಹತ್ರ ಒಂದು ಬೆಳ್ಳಿ ಮಿಂಚೈತ್ರೀ.
ಐದನೇ ಬಣ್ಣ ಏನ್ರೀ? ಬ್ಯಾರೆ ಪ್ಲೇಟ್ ಮಾಡಬೇಕಾಗ್ತದ, ಖರ್ಚು ಬರ್ತದ."
ಉಗುರಿನಿಂದ ಕೆರೆದು ನೋಡಿ, ಅಂದೆ.
ಒಂದು ಗಳಿಗೆ ಸುಮ್ಮನಿದ್ದ.
"ಬಂತ್ರೀ," ಅಂದ. "ಏನಿದು? ವಾಸನಿ ಐತಿ."